ನಾನು ಬೀಳಲಿಲ್ಲ, ಇಳಿದೆ

ಮದುವೆ, ನಾಮಕರಣ ಅಂತ ನಮ್ಮ ಮನೆಯಲ್ಲಿ ನೆಂಟರು ಸೇರಿದಾಗೆಲ್ಲ ಒಂದು ಕತೆ ಏಳುತ್ತದೆ. ನಿಮ್ಮ ಅಪ್ಪ ಹುಟ್ಟಿದಾಗ ನಾನು ಆಸ್ಪತ್ರೆಯಲ್ಲಿ ಮಗು ಕಾಣದೆ ಬುದ್ಧಿ ಕೆಟ್ಟು ಮಂಚದಿಂದ ದಬಕ್ಕನೆ ಬಿದ್ದೆನಂತೆ, ಬಿದ್ದವಳು ಹಾಗೇ ತೆವಳಿಕೊಂಡು ಹೋದೆನಂತೆ. ಕೇಳಿದವರು ನಗುತ್ತಾರೆ. ನೀವೂ ನಕ್ಕಿದ್ದೀರಿ. ನಾನು ಜನರ ಮುಂದೆ ಬಾಯಿ ಬಿಡುವವಳಲ್ಲ. ಆಗೆಲ್ಲ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಾ ಕೂತಿರುತ್ತೇನೆ. ಆದರೆ ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲಿ ಬರೆಯುತ್ತೇನೆ. ನಾನು ಬೀಳಲಿಲ್ಲ. ಇಳಿದೆ.

ನನ್ನ ಕಾಲುಗಳು ಚಿಕ್ಕಂದಿನ ಒಂದು ಜ್ವರದಲ್ಲಿ ಹೋದವು. ನಿಮಗೆ ನನ್ನ ಗಾಲಿ ಕುರ್ಚಿ ಮಾತ್ರ ಗೊತ್ತು. ಆಗ ಕುರ್ಚಿ ಎಲ್ಲಿತ್ತು? ನೆಲವೇ ನನ್ನ ದಾರಿ. ಹುಣಸೆ ಮರದ ಎರಡು ತುಂಡನ್ನು ಅಂಗೈಗೆ ಹಿಡಿಯುವ ಹಾಗೆ ಆಚಾರಿ ಕೆತ್ತಿಕೊಟ್ಟಿದ್ದ. ಅವುಗಳನ್ನು ಊರಿ, ಕೂತ ಹಾಗೇ ಜಾರಿಕೊಂಡು ಮನೆ, ಹಿತ್ತಿಲು, ಬಚ್ಚಲು ಎಲ್ಲ ಕಡೆ ಹೋಗುತ್ತಿದ್ದೆ. ಬೇರೆಯವರು ನಡೆಯುತ್ತಿದ್ದರು, ನಾನು ಹೀಗೆ ಹೋಗುತ್ತಿದ್ದೆ, ಅಷ್ಟೇ.

ತಾಯಿ ಬೇಗ ತೀರಿಕೊಂಡಳು. ಅಪ್ಪನ ಅಕ್ಕ ನನ್ನನ್ನು ಜಂಗಮಕೋಟೆ ಕಡೆಯ ತಮ್ಮ ಹಳ್ಳಿಗೆ ಕರೆದುಕೊಂಡು ಹೋಗಿ ಸಾಕಿದರು, ಆಮೇಲೆ ತಮ್ಮ ಮಗನಿಗೇ ತಂದುಕೊಂಡರು. ಹಾಗಾಗಿ ನನಗೆ ಅವರು ಮೊದಲಿಂದಲೂ ಅತ್ತೆ. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮೊಟ್ಟೆ ಒಡೆದು ಹೊರಬಂದ ಹುಳವನ್ನು ನಾವು ಚಾಕಿ ಅನ್ನುತ್ತೇವೆ. ಇರುವೆಗಿಂತ ಸಣ್ಣದು, ಬೆರಳು ತಗುಲಿದರೆ ಸತ್ತುಹೋಗುತ್ತದೆ. ಕೋಳಿ ಗರಿಯಲ್ಲಿ ಸವರಿ ಎತ್ತಿ ತಟ್ಟೆಗೆ ಬಿಡಬೇಕು, ಎಳೆಯ ಹಿಪ್ಪುನೇರಳೆ ಸೊಪ್ಪನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಉದುರಿಸಬೇಕು. ಆ ಕೆಲಸವನ್ನು ಅತ್ತೆ ಯಾರ ಕೈಗೂ ಕೊಡುತ್ತಿರಲಿಲ್ಲ, ತಮ್ಮ ಮಗಳ ಕೈಗೂ. "ನಿಂದು ದಡಬಡ ಕೈ ಕಣೇ, ಆಚೆ ನಡಿ" ಅಂತ ಮಗಳನ್ನು ಓಡಿಸಿ ಚಾಕಿ ತಟ್ಟೆಯನ್ನು ನನ್ನ ಮುಂದೆ ಇಡುತ್ತಿದ್ದರು. ಸೊಪ್ಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದಕ್ಕೆ ನಾನು ನನ್ನದೇ ದಾರಿ ಮಾಡಿಕೊಂಡಿದ್ದೆ. ಸೆರಗನ್ನು ಕತ್ತಿನ ಹಿಂದೆ ಗಂಟು ಹಾಕಿ, ಎದೆಯ ಮುಂದೆ ಜೋಳಿಗೆ ಮಾಡಿ, ಅದರಲ್ಲಿ ಸೊಪ್ಪು ತುಂಬಿಕೊಂಡು ಎರಡು ಕೈ ಊರಿ ಹೋಗುತ್ತಿದ್ದೆ. ಒಂದು ಎಲೆಯೂ ನೆಲಕ್ಕೆ ಬೀಳುತ್ತಿರಲಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ.

ಚೊಚ್ಚಲ ಬಾಣಂತನ ತವರಿನದು. ನನಗೆ ತವರೂ ಅತ್ತೆಮನೆಯೂ ಒಂದೇ. ನೋವು ಶುರುವಾದಾಗ ಸೂಲಗಿತ್ತಿ ನನ್ನ ಸೊಂಟ ಮುಟ್ಟಿ ನೋಡಿ, "ನನ್ನ ಕೈಲಾಗಲ್ಲ ತಾಯಿ, ಪ್ಯಾಟೆಗೆ ಕರ್ಕೊಂಡ್ಹೋಗಿ" ಅಂದಳು. ಗಾಡಿಯಲ್ಲಿ ಜಂಗಮಕೋಟೆ, ಅಲ್ಲಿಂದ ಬಸ್ಸು. ಯಾವ ಊರಿನ ಆಸ್ಪತ್ರೆ ಅಂತ ಬರೆಯುವುದಿಲ್ಲ. ಆಗಿದ್ದವರು ಈಗ ಯಾರೂ ಅಲ್ಲಿಲ್ಲ.

ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ಬಂದು ಸೀರೆ ಸರಿಸಿ ನನ್ನ ಕಾಲು ನೋಡಿದರು. ನನ್ನ ಮುಖ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ ಕೇಳಿದರು.

"ಇವಳಿಗೆ ಮದುವೆ ಮಾಡಿದ್ದು ಯಾರಮ್ಮ?"

"ನಾವೇ ಸ್ವಾಮಿ. ತಬ್ಬಲಿ ಹುಡುಗಿ, ನಮ್ಮ ತಮ್ಮನ ಮಗಳು."

"ಪುಣ್ಯ ಕಟ್ಕೊಳ್ಳಕ್ಕೆ ಹೋಗಿದ್ದೀರಿ. ಈಗ ಮಗು ಗತಿ ಏನು?"

ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದೆ. ಈ ಮಾತು ಆ ನೋವನ್ನೂ ದಾಟಿ ಕಿವಿಗೆ ಬಿತ್ತು. ಇವತ್ತಿಗೂ ಹಾಗೇ ಕೇಳಿಸುತ್ತದೆ. "ನೋವು ಎಲ್ಲಿದೆಯಂತೆ ಕೇಳಿ" ಅಂತ ಅತ್ತೆಗೆ ಹೇಳಿದರು. ನನಗೆ ಹೋಗಿದ್ದದ್ದು ಕಾಲು. ಕಿವಿಯೂ ಬಾಯಿಯೂ ನೆಟ್ಟಗಿದ್ದವು.

ಇಕ್ಕಳ ಹಾಕಿ ಮಗುವನ್ನು ಎಳೆದರು. ಗಂಡು. ನರ್ಸಮ್ಮ ದೂರದಿಂದ ಎತ್ತಿ ತೋರಿಸಿ ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಅಂದರೆ ನಿಮ್ಮ ತಾತನ ಅಕ್ಕ, ಅದೇ ದಡಬಡ ಕೈಯವರು. ಅವರನ್ನು ಗೌರಿಬಿದನೂರಿಗೆ ಕೊಟ್ಟಿತ್ತು. ಮಕ್ಕಳಿರಲಿಲ್ಲ. ಸುದ್ದಿ ಕೇಳಿದ ತಕ್ಷಣ ಬಂದಿದ್ದರು.

ನನ್ನನ್ನು ವಾರ್ಡಿನ ಕಬ್ಬಿಣದ ಮಂಚಕ್ಕೆ ಹಾಕಿದರು. ನಾನು ಅಲ್ಲಿಯವರೆಗೆ ಮಂಚದ ಮೇಲೆ ಮಲಗಿದವಳಲ್ಲ. ಕೂತರೆ ನನ್ನ ತಲೆಯ ಮಟ್ಟಕ್ಕೆ ಬರುವಷ್ಟು ಎತ್ತರದ ಮಂಚ. ನೆಲದ ಮೇಲೆ ಬಿಟ್ಟಿದ್ದರೆ ಬಚ್ಚಲಿಗೆ ನಾನೇ ಹೋಗುತ್ತಿದ್ದೆ, ನೀರು ನಾನೇ ತೆಗೆದುಕೊಳ್ಳುತ್ತಿದ್ದೆ, ಮಗುವಿನ ಹತ್ತಿರ ನಾನೇ ಹೋಗುತ್ತಿದ್ದೆ. "ನನಗೆ ನೆಲದ ಮೇಲೆ ಚಾಪೆ ಹಾಕಿಬಿಡಿ" ಅಂತ ನರ್ಸಮ್ಮನನ್ನು ಬೇಡಿಕೊಂಡೆ. "ಇದೇನು ನಿಮ್ಮ ಮನೆ ಹಟ್ಟಿನಾ? ಸುಮ್ನೆ ಮಲಕ್ಕೋ" ಅಂದಳು. ನನ್ನ ಮರದ ತುಂಡುಗಳನ್ನು ಆಯಾ ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಹೊರಗೆ ಚಪ್ಪಲಿಗಳ ಜೊತೆ ಎಸೆದಳು.

ಕುಂಟಿ ಅನ್ನಿಸಿಕೊಂಡಿದ್ದೆ, ಆದರೆ ಕುಂಟಿಯಾದದ್ದು ಆ ಮಂಚದ ಮೇಲೆ.

ಮೂತ್ರಕ್ಕೆ ಆಯಾಳನ್ನು ಕರೆಯಬೇಕು. ಕರೆದರೆ ಬಾಗಿಲಿಂದಲೇ "ಏಮ್ಮಾ, ಮಳ್ಳೀನಾ?" ಅಂತ ತೆಲುಗಿನಲ್ಲಿ ರೇಗುವಳು, ಮತ್ತೆ ಬಂತಾ ಅಂತ. ಪಕ್ಕದ ಮಂಚದವರಿಗೆಲ್ಲ ಕೇಳುವ ಹಾಗೆ, "ಈಯಮ್ಮಂಗೇನು, ಕೂತಲ್ಲೇ ರಾಜ್ಯಭಾರ! ನಾವೆಲ್ಲ ಆಳುಗಳು" ಅನ್ನುವಳು. ಒಂದು ಸಲ ಎಷ್ಟು ಕರೆದರೂ ಬರಲಿಲ್ಲ, ಹಾಸಿಗೆ ಒದ್ದೆಯಾಯಿತು. ಆಮೇಲೆ ಬಂದು ಮೂಗು ಮುಚ್ಚಿಕೊಂಡಳು. ಬುದ್ಧಿ ಬಂದಾಗಿನಿಂದ ಒಂದು ದಿನವೂ ಬಟ್ಟೆಯಲ್ಲಿ ಮಾಡಿಕೊಂಡವಳಲ್ಲ ನಾನು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಈ ನಾಚಿಕೆ ನನ್ನದಲ್ಲ, ಆ ಆಸ್ಪತ್ರೆಯದು. ಅದಕ್ಕೇ ಬರೆದೆ.

ಆಗ ನಮ್ಮಲ್ಲಿ ಹೆತ್ತ ಮೂರು ದಿನ ಮಗುವಿಗೆ ತಾಯಿಯ ಹಾಲು ಕೊಡುತ್ತಿರಲಿಲ್ಲ. ಮೊದಲ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತಿದ್ದರು. ಅದೇ ಒಳ್ಳೆಯ ಹಾಲು ಅಂತ ಈಗ ನೀವು ಹೇಳುತ್ತೀರಿ, ನಮಗೆ ಗೊತ್ತಿರಲಿಲ್ಲ. ಮಗುವಿಗೆ ಸಕ್ಕರೆ ನೀರಲ್ಲಿ ಬಟ್ಟೆ ಅದ್ದಿ ಚೀಪಿಸುವರು. ಹಾಗಾಗಿ ಮಗು ಅತ್ತಿಗೆಯ ಮಡಿಲಲ್ಲೇ ಇದ್ದದ್ದು ಮೊದಲು ನನಗೆ ವಿಶೇಷ ಅನ್ನಿಸಲಿಲ್ಲ. ಒಂದು ಸಲ ಕೊಡಿ ಅಂದರೆ ನರ್ಸಮ್ಮ, "ಅಷ್ಟು ಎತ್ತರದಿಂದ ಬೀಳಿಸಿದ್ರೆ ಯಾರು ಜವಾಬ್ದಾರಿ?" ಅನ್ನುವಳು. ಎತ್ತರಕ್ಕೆ ಹತ್ತಿಸಿದ್ದು ಯಾರು?

ಮೂರನೆಯ ದಿನ ಬೆಳಗ್ಗೆ ಅತ್ತೆ, ಅತ್ತಿಗೆ ಇಬ್ಬರೂ ನನ್ನ ಮಂಚದ ಪಕ್ಕ ನಿಂತು ಮಾತಾಡಿದರು. ನನ್ನ ತಲೆಯ ಮೇಲೆ, ನಾನಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

"ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡ್ತೀನಮ್ಮ. ಡಾಕ್ಟರೂ ಅದೇ ಒಳ್ಳೇದು ಅಂದ್ರು."

"ಹೂಂ, ಇವತ್ತೇ ಹೋಗು. ನಾಳೆ ಎದೆ ಹಾಲು ಬಾಯಿಗೆ ಬಿದ್ರೆ ಬಿಡಿಸಬಾರದು. ಕುಡಿದ ಕೂಸನ್ನ ಕಿತ್ಕೊಂಡ್ರೆ ಮನೆಗೆ ಒಳ್ಳೇದಲ್ಲ."

"ಅತ್ತೆ, ಎಲ್ಲಿಗೆ?" ಅಂದೆ.

ಅತ್ತೆ ನನ್ನ ತಲೆ ಸವರಿದರು. ಅದೇ ನನಗೆ ಹೆಚ್ಚು ಕೋಪ ತರಿಸಿದ್ದು. "ನಿನ್ ಕೈಲಿ ಆಗತ್ತಾ ಮಗಳೇ? ಅಳ್ತದೆ, ಓಡಾಡ್ತದೆ, ಬಾವಿ ಕಡೆ ಹೋಗ್ತದೆ. ಅವಳ ಹತ್ರ ಬೆಳೀಲಿ. ಅವಳೇನು ಹೊರಗಿನೋಳಾ? ಬೇಕಂದಾಗ ಹೋಗಿ ಮಗೂನ ನೋಡ್ಕೊಂಡ್ ಬರಣ."

"ಅವರೇನಂದ್ರು?" ಅಂದೆ. ಅವರು ಅಂದರೆ ನಿಮ್ಮ ತಾತ. ಗಂಡಸರನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ, ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದರು.

"ಹೂಂ ಅಂದ" ಅಂದರು ಅತ್ತೆ.

ನಿಮ್ಮ ತಾತ ಈಗಿಲ್ಲ. ಇಲ್ಲದವರ ಮೇಲೆ ಬರೆಯಬಾರದು. ಆದರೂ ಬರೆಯುತ್ತೇನೆ. ಬಾಗಿಲವರೆಗೆ ಬಂದು ನನ್ನನ್ನು ಒಂದು ಮಾತು ಕೇಳದೆ ಹೂಂ ಅಂದರು. ಹೊಲ ಮಾರುವಾಗ ದಾಯಾದಿಯನ್ನೂ ಕೇಳುತ್ತಾರೆ.

ಅತ್ತೆ ಗಂಟು ಕಟ್ಟುವುದಕ್ಕೆ ಹೊರಗೆ ಹೋದರು. ಅತ್ತಿಗೆ ಮಗುವನ್ನು ಎತ್ತಿಕೊಂಡು ವಾರ್ಡಿನ ಆ ಕೊನೆಯಲ್ಲಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಮಗು ಅಳುತ್ತಿತ್ತು. ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿತ್ತು, ರವಿಕೆ ಒದ್ದೆಯಾಗಿತ್ತು.

ನಾನು ಕಿರುಚಲಿಲ್ಲ. ಕಿರುಚಿದ್ದರೆ ಹುಚ್ಚಿ ಅಂತ ಕಟ್ಟಿಹಾಕುತ್ತಿದ್ದರು. ಮೊದಲು ಕಂಬಳಿಯನ್ನು ಮಡಿಸಿ ಮಂಚದ ಪಕ್ಕ ಕೆಳಗೆ ಹಾಕಿದೆ. ಅದರ ಮೇಲೆ ದಿಂಬು. ತಲೆಕಡೆಯ ಕಬ್ಬಿಣದ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದು ಕಾಲುಗಳನ್ನು ಅಂಚಿನಾಚೆ ಬಿಟ್ಟೆ. ಹೊಲಿಗೆ ಹಾಕಿದ ಜಾಗ ಹರಿದ ಹಾಗಾಯಿತು. ಕೈಯಲ್ಲಿ ಜೋತು, ನಿಧಾನವಾಗಿ ಕಂಬಳಿಯ ಮೇಲೆ ಕೂತೆ. ಬೀಳುವವರು ಕೆಳಗೆ ಹಾಸಿಕೊಂಡು ಬೀಳುತ್ತಾರಾ?

ನೆಲ ಸಿಕ್ಕಿತು. ತಣ್ಣಗಿತ್ತು, ಫಿನಾಯಿಲ್ ವಾಸನೆ. ಮರದ ತುಂಡು ಇರಲಿಲ್ಲ, ಬರಿಯ ಅಂಗೈ ಊರಿ ಮಂಚಗಳ ನಡುವೆ ಹೊರಟೆ. ಎರಡು ಕಡೆಯಿಂದಲೂ ಹೆಂಗಸರು ಎದ್ದು ಕೂತು ನೋಡಿದರು. "ಅಯ್ಯೋ, ಬಿದ್ಲು, ಬಿದ್ಲು!" ಅಂತ ಆಯಾ ಕೂಗಿದಳು. ಆ ಕೂಗೇ ಆಮೇಲೆ ನಮ್ಮ ಮನೆಯ ಕತೆಯಾಯಿತು. ಹಿಡಿಯುವುದಕ್ಕೆ ಬಂದಳು. "ಮುಟ್ಟಬೇಡ" ಅಂದೆ. ಮೆಲ್ಲಗೇ ಅಂದೆ. ನಿಂತಳು.

ಅತ್ತಿಗೆಯ ಮುಂದೆ ಹೋಗಿ ಸೆರಗು ಎಳೆದು ಕತ್ತಿನ ಹಿಂದೆ ಗಂಟು ಹಾಕಿದೆ, ಸೊಪ್ಪಿಗೆ ಹಾಕುವ ಅದೇ ಗಂಟು.

"ಕೊಡಿ" ಅಂದೆ.

"ಹಟ ಮಾಡಬೇಡ ಕಣೇ. ಬೀಳಿಸ್ತೀಯ."

"ಚಾಕಿ ತಟ್ಟೇನ ನಿಮ್ಮಮ್ಮ ನಿಮ್ಮ ಕೈಗೆ ಕೊಡಲಿಲ್ಲ ಅತ್ತಿಗೆ. ನನ್ನ ಕೈಗೆ ಕೊಟ್ರು."

ಅವರ ಮುಖ ಇಳಿಯಿತು. ಕೊಟ್ಟರೋ, ನಾನೇ ತೆಗೆದುಕೊಂಡೆನೋ, ಇಬ್ಬರ ಕೈಗಳೂ ಮಗುವಿನ ಮೇಲಿದ್ದವು. ಆಮೇಲೆ ಅದು ನನ್ನ ಸೆರಗಿನೊಳಗಿತ್ತು. ಗೋಡೆಗೆ ಒರಗಿ ಕೂತು ಎದೆಗೆ ಹಚ್ಚಿದೆ. ಮೊದಲು ಹಿಡಿಯಲಿಲ್ಲ, ತಲೆ ಅತ್ತ ಇತ್ತ ಆಡಿಸಿತು. ಆಮೇಲೆ ಹಿಡಿಯಿತು.

ಅಷ್ಟರಲ್ಲಿ ಅತ್ತೆ ಗಂಟು ಹಿಡಿದು ಬಾಗಿಲಿಗೆ ಬಂದರು. ನೋಡಿದರು. ಗಂಟನ್ನು ಕೆಳಗಿಟ್ಟರು.

"ಕುಡಿದುಬಿಡ್ತಾ?"

"ಕುಡೀತಿದೆ" ಅಂದೆ.

"ಮುಗೀತು ಬಿಡು" ಅಂದರು ಮಗಳ ಕಡೆ ತಿರುಗಿ. "ಇನ್ನು ಕಿತ್ಕೊಳ್ಳಂಗಿಲ್ಲ."

ಅತ್ತಿಗೆ ಬೆಂಚಿನ ಮೇಲೇ ಅತ್ತರು. ಅವರ ಆಸೆ ನನಗೆ ಅರ್ಥವಾಗದೆ ಇರಲಿಲ್ಲ. ಕೋಪವೂ ಹೋಗಲಿಲ್ಲ. ನಿಮ್ಮ ತಾತನ ಜೊತೆ, ಆ ಸಲದ ಹುಳ ಗೂಡು ಕಟ್ಟುವವರೆಗೆ ನಾನು ಮಾತಾಡಲಿಲ್ಲ.

ಅವತ್ತು ಸಂಜೆ ಡಾಕ್ಟರು ಬಂದರು. ನಾನು ಮತ್ತೆ ಮಂಚ ಹತ್ತಲಿಲ್ಲ, ಕಂಬಳಿಯ ಮೇಲೆ ಮಗುವಿನ ಜೊತೆ ಮಲಗಿದ್ದೆ. ಅವರು ಅತ್ತೆಯನ್ನು ಕೇಳಿದರು, "ಮಗು ಹಾಲು ಕುಡೀತಾ?"

"ಕುಡೀತು" ಅಂದೆ ನಾನು.

ಅವರು ಅತ್ತೆಯ ಮುಖವನ್ನೇ ನೋಡುತ್ತಾ ನಿಂತರು, ಅತ್ತೆ ಹೇಳುವವರೆಗೆ.

ಕಾಲ ಬದಲಾಗಿದೆ ಅನ್ನುತ್ತೀರಿ. ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ನನ್ನ ಕುರ್ಚಿಯ ಹಿಂದೆ ನಿಂತಿದ್ದ ನಿಮ್ಮ ಅಪ್ಪನನ್ನು, "ಅಜ್ಜಿಗೆ ಎಲ್ಲಿ ನೋವು?" ಅಂತ ಕೇಳಿದರು. ನಿಮ್ಮ ಅಪ್ಪ, ಇಷ್ಟೆಲ್ಲ ಮಾಡಿ ಉಳಿಸಿಕೊಂಡ ನಿಮ್ಮ ಅಪ್ಪ, "ಭುಜ ಡಾಕ್ಟ್ರೇ" ಅಂದ. ನೋವಿದ್ದದ್ದು ಮಣಿಕಟ್ಟಿನಲ್ಲಿ.

ಮುಂದಿನ ಸಲ ನೀವು ಕರೆದುಕೊಂಡು ಹೋದಾಗ ನಿಮ್ಮನ್ನೂ ಕೇಳುತ್ತಾರೆ. ನೀವು ಸುಮ್ಮನಿರಿ. ಎಷ್ಟು ಹೊತ್ತಾದರೂ ಸುಮ್ಮನಿರಿ. ಅವರು ಬಗ್ಗಿ ನನ್ನ ಮುಖ ನೋಡಲಿ. ನಾನು ಹೇಳುತ್ತೇನೆ.