ಒಂದೇ ಹಾಡು

ಅಗ್ಗದ ಬಟ್ಟೆಗಳ ಅಂಗಡಿಯೊಂದರ ಹಿಂದೆ, ಫ್ಯಾನಿಲ್ಲದ ಕೋಣೆಯಲ್ಲಿ, ಅವಳು ಹನ್ನೊಂದು ವರ್ಷದಿಂದ ಗಿರಾಕಿಗಳ ಉಡುಪುಗಳನ್ನು ಅಳತೆಗೆ ತಕ್ಕಂತೆ ಹೊಲಿದುಕೊಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ‘ಕತ್ತರಿ’. ಬೇಸಿಗೆಯ ಒಂದು ಶನಿವಾರ, ತಲೆ ಎತ್ತಲೂ ಪುರುಸೊತ್ತಿಲ್ಲದಾಗ, ಮೊದಲು ಪಕ್ಕದ ಹೊಲಿಗೆ ಯಂತ್ರಗಳ ಮುಂದೆ ಕೂರುತ್ತಿದ್ದ ಗೆಳತಿಯರಿಬ್ಬರು ಹೊಸ ಉಡುಪು ಕೊಳ್ಳಲು ಬಂದರು.

“ಕತ್ತರಿ, ರಾತ್ರಿ ಡ್ಯಾನ್ಸಿಗೆ ಹೋಗ್ತಿದ್ದೀವಿ. ನೀನೂ ಬಾರೇ!”

ಹಾಗೆ ಕರೆಯುವವರೇ ಇಲ್ಲದೆ ಎಷ್ಟೋ ಕಾಲವಾಗಿತ್ತು. ಅವಳು ಊಟ ಬಿಟ್ಟು, ಯಾರಿಗೂ ಬೇಡವಾಗಿ ಉಳಿದಿದ್ದ ಹಸಿರು ಗೌನೊಂದನ್ನು ಕೊಂಡು ತನ್ನ ಅಳತೆಗೆ ಹೊಲಿದುಕೊಂಡಳು.

ರಾತ್ರಿ ಡ್ಯಾನ್ಸ್ ಹಾಲಿನಲ್ಲಿ, “ಒಂದೇ ಹಾಡು ಕಣೇ, ಈ ಬ್ಯಾಗುಗಳನ್ನ ಹಿಡ್ಕೊಂಡಿರು,” ಎಂದು ಅವಳನ್ನು ಗೋಡೆಯ ಬಳಿ ನಿಲ್ಲಿಸಿ ಅವರು ಕುಣಿಯಲು ಹೋದರು. ಹಾಡಿನ ಮೇಲೆ ಹಾಡು ಮುಗಿಯಿತು. ಕೊನೆಗೆ ಒಬ್ಬಳು ಓಡಿಬಂದಾಗ ಇವಳ ಮುಖ ಅರಳಿತು.

“ಭುಜದ ಪಟ್ಟಿ ಕಿತ್ತೋಯ್ತು. ಸೂಜಿ ಇದೆಯೇನೇ?”

ಬಾತ್‌ರೂಮಿನ ಕನ್ನಡಿಯೆದುರು ನಿಂತು ಹೊಲಿದುಕೊಟ್ಟಳು. “ನೀನಿದ್ದಿದ್ದಕ್ಕೆ ಮಾನ ಉಳೀತು!” ಎಂದು ಕೆನ್ನೆ ಹಿಂಡಿ ಗೆಳತಿ ಮತ್ತೆ ಓಡಿದಳು. ಇವಳು ಬ್ಯಾಗುಗಳನ್ನು ಎತ್ತಿಕೊಂಡು ಗೋಡೆಯ ಬಳಿಗೆ ಮರಳಿದಳು. ಆಮೇಲೆ ಯಾರೂ ಕರೆಯಲಿಲ್ಲ.

ಮನೆಯಲ್ಲಿ ಅಮ್ಮ ಎದ್ದೇ ಇದ್ದಳು. “ಚೆನ್ನಾಗಿ ಕುಣಿದ್ಯಾ?”

“ಹೂಂ, ಕಾಲು ಬಿದ್ದೇ ಹೋಗಿದೆ,” ಎಂದು ಅವಳು ದೀಪ ಆರಿಸಿದಳು. ಅಳು ಅಮ್ಮನಿಗೆ ಕೇಳಬಾರದೆಂದು ಬೆಳಗಿನವರೆಗೂ ದಿಂಬು ಕಚ್ಚಿ ಮಲಗಿದ್ದಳು.