ಸತಿಂದಿ ಮಾವ ಕೂರಿಸಿದ ಮೂರು ಡಿಸ್ಕುಗಳು

ಸತಿಂದಿ ಮಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಆ ಒಳ್ಳೆಯತನ ಕಾಣಿಸದೇ ಹೋಗಬಹುದು. ನನಗೆ ಇನ್ನೂ ಅಷ್ಟು ಸಿಟ್ಟಿದೆ.

ಅವರು ನನ್ನ ಅತ್ತೆಯ ತಮ್ಮ. ನಾರಿನ್ ಕಡೆಯ ಬೆಟ್ಟದೂರಲ್ಲಿ ಕುದುರೆ ಬೆನ್ನ ಮೇಲೆ ಬೆಳೆದವರು, ಸೋವಿಯತ್ ಸೈನ್ಯದಲ್ಲಿ ರೇಡಿಯೋ ನೋಡಿಕೊಂಡವರು, ಆಮೇಲೆ ಇಲ್ಲಿ ಬಿಷ್ಕೆಕ್‌ನ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ಬೆಸುಗೆ ಹಾಕಿದವರು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಟೀವಿ ರಿಪೇರಿ ಹಿಡಿದರು. ಟೀವಿಗಳು ತೆಳ್ಳಗಾಗಿ ರಿಪೇರಿಗೇ ಸಿಗದಂತಾದ ಮೇಲೆ ಕಂಪ್ಯೂಟರ್. ನಮ್ಮ ಐದಂತಸ್ತಿನ ಕಟ್ಟಡಗಳ ಸಾಲಿನಲ್ಲಿ ಅವರು ಮುಚ್ಚಳ ಬಿಚ್ಚದ ಕಂಪ್ಯೂಟರ್ ಇಲ್ಲ. ಕಂದು ಚರ್ಮದ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಹೆಂಗಸರು "ಉಸ್ತಾ ಬಂದ್ರು, ಚಹಾ ಇಡಿ" ಅನ್ನುತ್ತಾರೆ. ಉಸ್ತಾ ಅಂದರೆ ಕೈಕಸುಬು ಬಲ್ಲ ಮೇಸ್ತ್ರಿ. ದುಡ್ಡು ಮುಟ್ಟುವುದಿಲ್ಲ. ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್, ಏಪ್ರಿಕಾಟ್ ಜಾಮ್ ಇದ್ದರೆ ಆಯಿತು. ದುಡ್ಡು ಮುಟ್ಟದವರಿಗೆ ಎದುರು ಹೇಳುವುದು ಹೇಗೆ? ಅಲ್ಲೇ ಇರುವುದು ತೊಂದರೆ. ಅವರು ಯಾರ ಮಾತನ್ನೂ ಕೇಳಿದವರಲ್ಲ.

ಆ ಫೆಬ್ರವರಿಯಲ್ಲಿ ಅವರನ್ನು ಕರೆಸಿದ್ದು ನಾನೇ. ನನ್ನ ಅಮ್ಮ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದಳು. ಅವಳು ನನ್ನ ಮಗಳು ಜಿಬೆಕ್‌ಳನ್ನು ಮಡಿಲಲ್ಲಿ ಇಟ್ಟುಕೊಂಡು ಆಡಿಸಿದ, ಬೈದ, ಹಾಡಿದ ನಲವತ್ತೊಂದು ವಿಡಿಯೋಗಳು ಇದ್ದವು. ಫೋನ್ ತುಂಬಿತೆಂದು ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿದ್ದೆ. ಎಂಥ ಬುದ್ಧಿ ನನ್ನದು! ಎಂಟು ವರ್ಷದ ಹಳೆಯ ಡಿಸ್ಕ್ ಅದು. ಅದೊಂದರಲ್ಲೇ ಅಮ್ಮ ಇದ್ದಾಳೆ ಅನ್ನುವುದು ಒಂದು ದಿನ ಹಾಲು ಕಾಯಿಸುವಾಗ ಹೊಳೆದು, ಹಾಲು ಉಕ್ಕಿಹೋಗುವವರೆಗೆ ಹಾಗೇ ನಿಂತಿದ್ದೆ. ಮಾರನೆಯ ದಿನವೇ ಹೊಸದೊಂದು ದೊಡ್ಡ ಡಿಸ್ಕ್ ತಂದೆ. ಹೊಸದನ್ನು ಒಳಗೆ ಸೇರಿಸಿ, ಹಳೆಯದರಿಂದ ಅಮ್ಮನನ್ನು ಅದಕ್ಕೆ ನಕಲು ಮಾಡಿಕೊಳ್ಳಬೇಕು. ಅಷ್ಟೇ ಕೆಲಸ.

ಅದೇ ವಾರ ಕೊಚ್ಕೋರ್‌ನಿಂದ ನನ್ನ ಗಂಡನ ದೊಡ್ಡಪ್ಪನವರೂ ತಮ್ಮ ಡಿಸ್ಕ್ ಕಳಿಸಿದರು. ಮನೆತನದ ಮದುವೆ, ಮುಂಜಿ, ತಿಥಿಯೂಟಗಳ ಚಿತ್ರವೆಲ್ಲ ಅದರಲ್ಲಿತ್ತು. ನಗರದ ನೆಂಟರೆಲ್ಲ ನಮ್ಮ ಮನೆಗೆ ಬಂದು ನೋಡಲಿ ಎಂಬ ಆಸೆ ಅವರದು. ಅವರಿಗೆ ಎಂಬತ್ತೆರಡು ವರ್ಷ. ಆಗುವುದಿಲ್ಲ ಅನ್ನಲು ಯಾರಿಗೆ ಬಾಯಿದೆ?

ನನ್ನ ಗಂಡ ಮಿರ್ಲಾನ್ ಲಾರಿ ತೆಗೆದುಕೊಂಡು ಓಶ್‌ಗೆ ಹೋಗಿದ್ದ. ಮಧ್ಯಾಹ್ನ ಮಾವ ಬಂದರು. ನೆಲದ ಮೇಲೆ ಕಂಬಳಿ ಹಾಸಿ, ಕಂಪ್ಯೂಟರನ್ನು ಕುರಿಯ ಹಾಗೆ ಮಗ್ಗುಲಿಗೆ ಮಲಗಿಸಿ ಬಿಚ್ಚಿದರು. ಜಿಬೆಕ್ ಆಗಷ್ಟೇ ಅಂಬೆಗಾಲು ಬಿಟ್ಟು ಎದ್ದು ನಿಲ್ಲುವ ಕೂಸು, ಕಂಡದ್ದೆಲ್ಲ ಬಾಯಿಗೆ. ಅವರು ಬಿಚ್ಚಿದ ಸ್ಕ್ರೂಗಳನ್ನು ನಾನು ಎಣಿಸುತ್ತ ಕೂತೆ. ಎಂಟು ಇರಬೇಕಿತ್ತು, ಏಳೇ ಇದ್ದವು. ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದೆ, ಅದು ಕಿರುಚಿತು. ಎಂಟನೆಯದು ಮಾವನ ಚಹಾದ ತಟ್ಟೆಯಲ್ಲಿ ಜಾಮ್ ಮೆತ್ತಿಕೊಂಡು ಕೂತಿತ್ತು.

"ಕೂಸನ್ನ ಯಾಕಮ್ಮ ಹಿಂಗ್ ಗೋಳುಹೊಯ್ಕೋತೀಯ? ಸ್ಕ್ರೂ ತಿಂದ್ರೆ ಗಟ್ಟಿಯಾಗ್ತಾಳೆ ಬಿಡು," ಅಂದರು ಮಾವ.

ಆಮೇಲೆ ಹಳೆಯ ಡಿಸ್ಕಿನ ತಂತಿಯನ್ನು ಅದರ ಜಾಗದಿಂದ ಕಿತ್ತರು.

"ಅದನ್ಯಾಕ್ ಕೀಳ್ತೀರಿ ಮಾವ? ಅದು ಇದ್ದಲ್ಲೇ ಇರಲಿ, ಇವೆರಡನ್ನ ಪಕ್ಕಕ್ಕೆ ಹಾಕಿ."

"ಇಲ್ನೋಡು ಸೊಸೆ, ಜಾಗಕ್ಕೆ ನಂಬರು ಇದೆ. ಒಂದು, ಎರಡು, ಮೂರು. ಒಂದನೇದು ತೋರ್, ಹಿರಿಯರು ಕೂರೋ ಮರ್ಯಾದೆ ಜಾಗ. ಕೊಚ್ಕೋರ್ ಅಣ್ಣ ಮನೆಗೆ ಬಂದ್ರೆ ಎಲ್ಲಿ ಕೂರಿಸ್ತೀಯ? ತೋರ್‌ನಲ್ಲಾ, ಚಪ್ಪಲಿ ಬಿಡೋ ಜಾಗದಲ್ಲಾ?"

"ತೋರ್‌ನಲ್ಲೇ ಮತ್ತೆ," ಅಂದರು ಅತ್ತೆ ಅಡುಗೆಮನೆಯಿಂದಲೇ.

"ಹಾಂ! ಅಣ್ಣನ ಡಿಸ್ಕ್ ಒಂದನೇದಕ್ಕೆ. ಹೊಸದು ನೆಂಟ, ಅದು ಎರಡನೇದಕ್ಕೆ. ನಿನ್ನ ಹಳೇದು ಮನೆಯವನು, ಬಾಗಿಲ ಹತ್ರ ಕೂತು ಚಹಾ ಬಗ್ಗಿಸ್ಲಿ."

ಅತ್ತೆ ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಆ ನಗುವಿಗಾಗಿ ನನ್ನ ಮೇಲೇ ರೇಗುತ್ತದೆ.

ಗುಂಡಿ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಉಳಿದು, ಮೇಲೊಂದು ಬಿಳಿ ಸಾಲು ಮೂಡಿತು: ಕಂಪ್ಯೂಟರ್ ಶುರುವಾಗಲು ಬೇಕಾದ ಸಿಸ್ಟಂ ಸಿಗಲಿಲ್ಲವಂತೆ. ಮಾವ ಮೆಮೊರಿ ಪಟ್ಟಿಗಳನ್ನು ಕಿತ್ತು ಶಾಲೆಯ ರಬ್ಬರಿನಿಂದ ಉಜ್ಜಿದರು. ಊದಿದರು. ತಂತಿ ಬದಲಾಯಿಸಿದರು. ಡಬ್ಬದ ತಲೆಗೆ ಒಂದು ಏಟೂ ಕೊಟ್ಟರು. ಪ್ರತಿ ಸಲವೂ ಅದೇ ಬಿಳಿ ಸಾಲು. ಮಗು ಅಳುತ್ತಿತ್ತು.

"ಡಿಸ್ಕ್ ಬದುಕಿದೆ, ಬುದ್ಧಿ ಕೆಟ್ಟಿದೆ," ಎಂದು ತೀರ್ಪು ಕೊಟ್ಟರು. "ನಿನ್ನ ಹಳೇದ್ರಲ್ಲಿ ವಿಂಡೋಸ್ ಹಾಳಾಗೋಗಿದೆ. ಪೂರ್ತಿ ಅಳಿಸಿ ಹೊಸದು ಹಾಕ್ತೀನಿ. ಎರಡು ಚಹಾ ಕುಡಿಯೋಷ್ಟ್ರಲ್ಲಿ ಮುಗೀತು."

"ಅಳಿಸೋದಾ? ಬೇಡ ಮಾವ. ಬೆಳಿಗ್ಗೆ ತನಕ ಚೆನ್ನಾಗಿತ್ತು. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಹೆಂಗ್ ಕೆಡುತ್ತೆ?"

"ಮನುಷ್ಯರೇ ಕೆಡ್ತಾರೆ."

ಅವರು ಹೊಸ ವಿಂಡೋಸ್ ಇದ್ದ ಪೆನ್‌ಡ್ರೈವ್ ಚುಚ್ಚಿ, ಅದರಿಂದ ಶುರು ಮಾಡಲು ಸೆಟ್ಟಿಂಗ್ ಪರದೆ ತೆರೆದರು. ಅಲ್ಲಿ ಮೂರೂ ಡಿಸ್ಕುಗಳ ಪಟ್ಟಿ ಇತ್ತು. ಒಂದನೆಯದು ದೊಡ್ಡಪ್ಪನವರದು, ಎರಡನೆಯದು ಹೊಸದು, ಮೂರನೆಯದು ನಮ್ಮದು. ಕೆಳಗೆ ಇನ್ನೊಂದು ಸಾಲು, ಶುರುವಾಗಬೇಕಾದದ್ದು ಒಂದನೆಯದರಿಂದ ಎಂದು.

"ಮಾವ, ನಿಲ್ಲಿ! ಇದು ಒಂದನೇ ಜಾಗದಲ್ಲಿ ಮಾತ್ರ ಹುಡುಕ್ತಿದೆ. ಅಲ್ಲಿರೋದು ದೊಡ್ಡಪ್ಪನವರ ಡಿಸ್ಕು, ಅದ್ರಲ್ಲಿ ಬರೀ ಚಿತ್ರ ಇದೆ, ವಿಂಡೋಸ್ ಎಲ್ಲಿದೆ? ನಮ್ಮದನ್ನ ಮೊದಲಿದ್ದ ಜಾಗಕ್ಕೆ ಹಾಕಿ ನೋಡಿ, ಸಾಕು."

"ಓದಿದ ಸೊಸೆ," ಅಂದರು ಮಾವ ಅತ್ತೆಯ ಕಡೆ ತಿರುಗಿ. "ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಿದೆ."

ಅತ್ತೆ ನನ್ನ ತೋಳು ಹಿಡಿದರು. "ಸುಮ್ನಿರಮ್ಮ. ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ತಿರೋ ಕೆಲಸ ಅವನಿಗೆ. ಹಿರಿಯರ ಕೈಗೆ ಅಡ್ಡ ಬರ್ಬಾರ್ದು."

ನಾನು ಸುಮ್ಮನಾದೆ. ಮದುವೆಯಾಗಿ ಮೂರು ವರ್ಷ ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಸಿದ್ದಾರೆ ನನಗೆ. ತಲೆವಸ್ತ್ರ ಸರಿಮಾಡಿಕೊಂಡು ಚಹಾ ಬಗ್ಗಿಸಲು ಹೋದೆ. ಬಟ್ಟಲು ಪೂರ್ತಿ ತುಂಬಿಸಬಾರದು, ಅರ್ಧವೇ ತುಂಬಬೇಕು, ಮತ್ತೆ ಮತ್ತೆ ಬಗ್ಗಿಸಬೇಕು, ಅದೇ ಮರ್ಯಾದೆ. ನನ್ನ ಕಣ್ಣು ಪರದೆಯ ಕಡೆಗಿದ್ದು ಬಟ್ಟಲು ಅಂಚಿನವರೆಗೆ ತುಂಬಿಬಿಟ್ಟಿತು. ಎದ್ದು ಹೋಗಿ ಅನ್ನುವುದಕ್ಕೆ ಹಾಗೆ ತುಂಬುತ್ತಾರೆ. ಅತ್ತೆಯ ಮುಖ ಕಪ್ಪಾಯಿತು. ನಾನು ಅದನ್ನು ಹಾಗೇ ಅವರ ಮುಂದಿಟ್ಟೆ.

ಮಾವ ನೋಡಲಿಲ್ಲ. ಪರದೆಯ ಮೇಲೆ ಮೂರು ಡಿಸ್ಕುಗಳ ಹೆಸರು. ಅವರು ನಮ್ಮ ಹಳೆಯದನ್ನು ಆರಿಸಿ ಅಳಿಸು ಅಂದರು. ಕಂಪ್ಯೂಟರ್ ರಷ್ಯನ್ ಭಾಷೆಯಲ್ಲಿ ಕೇಳಿತು: ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ? ಅವರ ತೋರುಬೆರಳು ಗುಂಡಿಯ ಮೇಲೆ ಇಳಿಯುತ್ತಿತ್ತು.

ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಗೋಡೆಯ ಪ್ಲಗ್ ಎಳೆದೆ. ಎಳೆದ ರಭಸಕ್ಕೆ ಸಾಕೆಟ್ಟಿನ ಮುಚ್ಚಳವೂ ಕೈಗೆ ಬಂತು. ಫ್ಯಾನ್ ನಿಂತಿತು.

"ಹುಚ್ಚು ಹಿಡೀತಾ ನಿಂಗೆ?" ಮಾವ ಎದ್ದು ನಿಂತರು. "ನಡು ಕೆಲಸದಲ್ಲಿ ಕರೆಂಟ್ ತೆಗೀತಾರಾ? ಎಲ್ಲಾ ಸುಟ್ಟೋಗುತ್ತೆ!"

"ಸುಟ್ಟೋಗ್ಲಿ! ನೀವು ಅಳಿಸೋದಕ್ಕಿಂತ ಅದೇ ವಾಸಿ. ಮೂರು ಸಲ ಹೇಳ್ದೆ. ನಾನೇನು ಗೋಡೆ ಜೊತೆ ಮಾತಾಡ್ತಿದ್ನಾ?"

"ಅಕ್ಕಾ, ಕೇಳಿಸ್ಕೊಂಡ್ಯಾ ನಿನ್ ಸೊಸೆ ಮಾತು?"

"ಅತ್ತೆ, ಮಗೂನ ಹಿಡ್ಕೊಳಿ," ಅಂದೆ. ಅತ್ತೆ ಹಿಡಿದುಕೊಂಡರು. ನಾನು ಕಂಬಳಿಯ ಮೇಲೆ ಮಂಡಿಯೂರಿದೆ. ಇದಕ್ಕೆ ಮೊದಲು ಕಂಪ್ಯೂಟರ್ ಒಳಗೆ ಕೈ ಹಾಕಿದವಳಲ್ಲ. ಒಂದರ, ಮೂರರ ತಂತಿಗಳನ್ನು ಕಿತ್ತು, ದೊಡ್ಡಪ್ಪನವರದನ್ನು ಮೂರಕ್ಕೆ ಹಾಕಿದೆ. ನಮ್ಮ ಹಳೆಯದರದ್ದು ಒಂದಕ್ಕೆ. ಪೆನ್‌ಡ್ರೈವ್ ಕಿತ್ತು, ಪ್ಲಗ್ ಹಾಕಿ ಗುಂಡಿ ಒತ್ತಿ, ಕಣ್ಣು ಮುಚ್ಚಿಕೊಂಡೆ.

ವಿಂಡೋಸ್ ಬರುವ ಸಣ್ಣ ಸಂಗೀತ ಕೇಳಿತು.

"ನೋಡಿದ್ಯಾ?" ಅಂದರು ಮಾವ ಹಿಂದಿನಿಂದ. "ರಬ್ಬರಿನಲ್ಲಿ ಉಜ್ಜಿದ್ದು ಈಗ ಹಿಡೀತು."

ನಾನು ತಿರುಗಿ ಅವರನ್ನು ನೋಡಿದ ನೋಟದ ಬಗ್ಗೆ ಅತ್ತೆ ಇವತ್ತಿಗೂ ನೆಂಟರ ಮನೆಗಳಲ್ಲಿ ಹೇಳುತ್ತಾರಂತೆ. ಹೇಳಲಿ. ನಾನು ಅಮ್ಮನ ಫೋಲ್ಡರ್ ತೆರೆದು ಎಣಿಸಿದೆ. ನಲವತ್ತೊಂದು. ಸರಿಯಾಗಿದೆಯೋ ಇಲ್ಲವೋ ಎಂದು ಒಂದನ್ನು ಒತ್ತಿದೆ. ಅಮ್ಮ ಪರದೆಯ ತುಂಬ ಬಂದು ಕ್ಯಾಮೆರಾ ಹಿಡಿದ ನನ್ನನ್ನೇ ಬೈದಳು: "ವಿಡಿಯೋ ಆಮೇಲೆ ತೆಗಿಯೇ, ಮೊದ್ಲು ಮಗೂಗೆ ಟೋಪಿ ಹಾಕು! ಕಿವಿ ನೋಡು, ಐಸ್ ಆಗಿದೆ."

ಅತ್ತೆಯ ತೋಳಲ್ಲಿದ್ದ ಜಿಬೆಕ್ ಆ ದನಿಗೆ ಅಳು ನಿಲ್ಲಿಸಿದಳು. ಮಾವ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನಿಧಾನ ಕೆಳಗಿಟ್ಟರು. ಅಮ್ಮನ ಗೋರಿಗೆ ಹಿಡಿ ಮಣ್ಣು ಹಾಕಿದವರಲ್ಲಿ ಅವರೂ ಒಬ್ಬರು.

"ಇದು ಇದರೊಳಗಿತ್ತಾ?" ಅಂದರು. "ನಂಗ್ಯಾರೂ ಹೇಳ್ಲಿಲ್ವಲ್ಲ."

"ನೀವು ಕೇಳ್ಲಿಲ್ಲ."

ಮಾವ ಪೆಟ್ಟಿಗೆ ಮುಚ್ಚಿ ಹೊರಟರು. ಹೊರಡುವವರಿಗೆ ಸೊಸೆ ಬೂಟು ತಿರುಗಿಸಿ ಇಡಬೇಕು. ನಾನು ಕುರ್ಚಿಯಿಂದ ಏಳಲಿಲ್ಲ. ಅಮ್ಮ ಹೊಸ ಡಿಸ್ಕಿಗೆ ಒಂದೊಂದಾಗಿ ಇಳಿಯುತ್ತಿದ್ದಳು, ಹಸಿರು ಪಟ್ಟಿ ತೆವಳುತ್ತಿತ್ತು, ನಾನು ಏಳುವ ಹಾಗಿರಲಿಲ್ಲ. ಎದ್ದರೂ ಇಡುತ್ತಿರಲಿಲ್ಲ.

ಮಾವ ಈಗಲೂ ಮನೆಮನೆಗೆ ಹೋಗುತ್ತಾರೆ. ಮುಚ್ಚಳ ಬಿಚ್ಚುವ ಮೊದಲು "ಒಳಗೆ ಯಾರ್ಯಾರಿದ್ದಾರೆ?" ಎಂದು ಕೇಳುತ್ತಾರಂತೆ, ಮೂರನೇ ಮಹಡಿಯ ಹೆಂಗಸು ಹೇಳಿದಳು. ಒಳ್ಳೆಯದೇ. ಆದರೆ ಆ ನಲವತ್ತೊಂದನ್ನೂ ಇನ್ನೆರಡು ಕಡೆ ನಕಲು ಮಾಡಿಟ್ಟಿದ್ದೇನೆ, ಒಂದನ್ನು ನನ್ನ ಅಕ್ಕನ ಮನೆಯಲ್ಲಿ. ಎಲ್ಲಿ ಎಂದು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ.