ಮರುಭೂಮಿಯ ತಾಲೀಮು, ಅಕ್ಸಾ ದಂಡೆಯಲ್ಲಿ

ನಾನು ಅವನನ್ನು ಜೀಪಿನಿಂದ ಹೊರಗೆ ಎಳೆದೆನೋ, ಅವನೇ ಇಳಿದು ಬಂದನೋ, ಈಗ ಖಚಿತವಿಲ್ಲ. ಎರಡು ಬಗೆಯಲ್ಲೂ ಹೇಳಿದ್ದೇನೆ, ಹೇಳುವಾಗ ಎರಡನ್ನೂ ನಂಬಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮುಂಬಯಿಯ ಪವಾಯಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ನನ್ನ ರೂಮಿನವನು ಮಲ್ಪೆಯವನು. ಅವನಿಗೆ ರಾಜಸ್ಥಾನದ ಮರಳುಗಾಡಿನ ಹುಚ್ಚು ಹಿಡಿದಿತ್ತು. ಗ್ರಾಂಟ್ ರೋಡಿನಲ್ಲಿ ಹೋಟೆಲಿಟ್ಟಿದ್ದ ಅವನ ಮಾವನ ಹಳೆಯ ಜೀಪಿನಲ್ಲಿ ಜೈಸಲ್ಮೇರ್ ದಾಟಿ, ರಸ್ತೆಯೇ ಇಲ್ಲದ ಕಡೆ ಟೆಂಟು ಹೊಡೆಯುವುದು ನಮ್ಮ ಯೋಜನೆ. ಅವನು ಮ್ಯಾಪು ಹರಡಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಒಂದು ಊರಿನ ಹೆಸರೂ ಇಲ್ಲದ ಖಾಲಿ ಜಾಗ. ಅಲ್ಲಿ ಚಕ್ರ ಹೂತರೆ ಯಾರನ್ನು ಕೂಗುವುದು? ಆದರೆ ಬರುವುದಿಲ್ಲ ಎನ್ನುವ ಧೈರ್ಯವೂ ನನಗಿರಲಿಲ್ಲ.

"ಮೊದಲ ಇಲ್ಲೇ ಮರಳಿನ್ಯಾಗ ಓಡಿಸಿ ತೋರಸು. ಆಮ್ಯಾಲೆ ಬರ್ತೀನಿ," ಅಂದೆ ನನ್ನ ಧಾರವಾಡದ ಮಾತಿನಲ್ಲಿ.

ಅಮಾವಾಸ್ಯೆಯ ದಿನ ಮಾವ ಜೀಪು ಹೊರಗೆ ತೆಗೆಯುತ್ತಿರಲಿಲ್ಲ. ಹಾಗಾಗಿ ಅಂದೇ ಅದು ನಮಗೆ ಸಿಕ್ಕಿತು. ಬೆಳಿಗ್ಗೆ ಮಲಾಡಿನಾಚೆಯ ಅಕ್ಸಾ ದಂಡೆಗೆ ಹೋದೆವು. ಇಳಿತದ ಹೊತ್ತು, ನೀರು ಎಲ್ಲೋ ದೂರದಲ್ಲಿತ್ತು. ಗಟ್ಟಿಯಾದ ಒದ್ದೆ ಮರಳಿನ ಮೇಲೆ ಅವನು ಹಾಡಿಕೊಂಡು ಓಡಿಸಿದ. ನೀರಿನ ಕಡೆಗೆ ತಿರುಗಿಸಿದಾಗ ಹಿಂದಿನ ಚಕ್ರಗಳು ಹೂತವು. ನಾನು ಕೈಯಲ್ಲಿ ತೋಡಿದಷ್ಟೂ ಗುಂಡಿಯೊಳಗೆ ನೀರು ತುಂಬುತ್ತಿತ್ತು.

"ನೀರ ಏರಾಕ ಹತ್ತೈತಲೇ!"

"ಎಂತ ಹೆದರಿಕೆ ಮಾರಾಯ? ಕಡಲ ಬದಿಯಲ್ಲಿ ಹುಟ್ಟಿದವ ನಾನು. ನೀನು ಕೆರೆ ಕಂಡವ. ಹೆಚ್ಚಂದ್ರೆ ಚಕ್ರದ ಅರ್ಧ ಬರ್ತದೆ, ಮತ್ತೆ ಇಳೀತದೆ."

ಅರ್ಧ ಚಕ್ರ ದಾಟಿತು. ಎಂಜಿನ್ ನಿಂತಿತು. ಅವನ ಮುಖದಿಂದ ನಗು ಹೋದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

"ಮಾವನಿಗೆ ಎಂತ ಹೇಳುದು?" ಎಂದವನು ಸ್ಟೀರಿಂಗ್ ಹಿಡಿದು ಕೂತೇಬಿಟ್ಟ.

ಅಲೆ ನನ್ನ ಸೊಂಟಕ್ಕೆ ಬಡಿಯುತ್ತಿತ್ತು. ನನಗೆ ಈಜು ಬಾರದು. ಅವನನ್ನು ಬಿಟ್ಟು ಹೋಗಲೂ ಆಗದು. ದಂಡೆಯಿಂದ ಮೀನುಗಾರರು ಮರಾಠಿಯಲ್ಲಿ ಬೈಯುತ್ತಾ ಕರೆಯುತ್ತಿದ್ದರು. ಅನಂತರದ ನೆನಪು, ನಾವಿಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದು ನೀರಿನಲ್ಲಿ ನಡೆಯುತ್ತಿರುವುದು. ದಂಡೆ ಮುಟ್ಟಿ ಸ್ವಲ್ಪ ಹೊತ್ತಿಗೆ ಜೀಪಿನ ಕ್ಯಾನ್ವಾಸ್ ಹೊದಿಕೆಯೊಂದೇ ಕಾಣುತ್ತಿತ್ತು. ಅವನು ಅದನ್ನು ನೋಡದೆ ಬೆನ್ನು ಹಾಕಿ ಕೂತಿದ್ದ. ಮರಳುಗಾಡಿನ ಮಾತನ್ನು ಮತ್ತೆ ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಉಬ್ಬರವಿಳಿತದ ಪಟ್ಟಿಗಳನ್ನು ತರಿಸಿ ನೋಡಿದೆ. ಅಮಾವಾಸ್ಯೆಯ ಸುಮಾರಿಗೆ ಮುಂಬಯಿಯ ಕಡಲು, ಮಲ್ಪೆಯ ಕಡೆಯ ಕಡಲಿಗಿಂತ ಎರಡು ಪಟ್ಟಿಗೂ ಹೆಚ್ಚು ಏರುತ್ತದೆ.